ಗಾಯ ಮಾಯಿತು, ನೋವು ಮಾಯಲಿಲ್ಲ



ರೋಗಿಗಳ ಮನೆಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳೆಲ್ಲರಿಗೂ ಪರಿಚಯವಿರುವ ಒಂದು ನೋವಿದೆ. ಕಾಲು ಮುರಿದವರಿಗೆ ಪ್ಲಾಸ್ಟರ್ ಇರುತ್ತದೆ. ಜ್ವರ ಬಂದವರ ಹಣೆ ಮುಟ್ಟಿದರೆ ಬಿಸಿ ತಿಳಿಯುತ್ತದೆ. ಆದರೆ ಈ ನೋವಿನವರಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಆರು ತಿಂಗಳ ಹಿಂದೆ ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಒಣಗಿ ಚರ್ಮ ಮೊದಲಿನಂತಾಯಿತು. ಆದರೂ ಆ ಜಾಗಕ್ಕೆ ಸೆರಗು ತಗುಲಿದರೆ ಸಾಕು, ಕೆಂಡ ತಗುಲಿದಂತೆ ಬೆಚ್ಚಿಬೀಳುತ್ತಾರೆ. ಸಕ್ಕರೆ ಕಾಯಿಲೆಯವರು ನಡುರಾತ್ರಿ ಹೊದಿಕೆ ಒದ್ದು, ತಣ್ಣನೆಯ ನೆಲದ ಮೇಲೆ ಉರಿಯುವ ಪಾದಗಳನ್ನಿಟ್ಟು ಕುಳಿತಿರುತ್ತಾರೆ. ಕ್ಯಾನ್ಸರಿಗೆ ಔಷಧಿ ಪಡೆದು ಗುಣವಾದವರ ಬೆರಳ ತುದಿಗಳಲ್ಲಿ ಸೂಜಿ ಚುಚ್ಚುತ್ತಲೇ ಇರುತ್ತದೆ. ಕಾಲನ್ನೇ ಕತ್ತರಿಸಿ ತೆಗೆದವರಿಗೆ ಇಲ್ಲದ ಕಾಲಿನ ಹೆಬ್ಬೆರಳು ನೋಯುತ್ತದೆ.

ವೈದ್ಯರು ಇದನ್ನು ನರನೋವು ಎನ್ನುತ್ತಾರೆ. ನೂರು ಜನರಲ್ಲಿ 7ರಿಂದ 10 ಮಂದಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇದೆಯೆಂಬ ಅಂದಾಜಿದೆ. ಭಾನುವಾರದ ಪೂಜೆಗೆ 300 ಜನ ಸೇರಿದ್ದರೆ ಅವರಲ್ಲಿ ಇಪ್ಪತ್ತು ಮೂವತ್ತು ಮಂದಿ ಎಂದಾಯಿತು. ನಿಮ್ಮ ಪಕ್ಕದಲ್ಲೇ ಕುಳಿತಿರಬಹುದು.

ಮೊದಲ ತಿಂಗಳು ಮನೆಯವರಿಗೆಲ್ಲ ಕನಿಕರವಿರುತ್ತದೆ. ಒಬ್ಬರು ಡಾಕ್ಟರರ ಬಳಿ ಕರೆದೊಯ್ಯುತ್ತಾರೆ, ಇನ್ನೊಬ್ಬರು ಎಣ್ಣೆ ತಿಕ್ಕುತ್ತಾರೆ. ಮೂರನೆಯ ತಿಂಗಳಿಗೆ ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಮುಗಿದಿರುತ್ತದೆ. ‘ರಿಪೋರ್ಟೆಲ್ಲ ನಾರ್ಮಲ್ ಇದೆಯಲ್ಲ ಅಮ್ಮಾ, ಇನ್ನೇನು?’ ಎಂದು ಮಗ ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿಲ್ಲ, ದಣಿವಿದೆ. ಆಮೇಲೆ ಎರಡು ಮಾತುಗಳು ಮನೆಯೊಳಗೆ ಬರುತ್ತವೆ. ಒಂದು, ‘ಇದೆಲ್ಲ ಮನಸ್ಸಿನದ್ದು’ ಎನ್ನುವುದು. ಇನ್ನೊಂದು ನಮ್ಮ ಕ್ರೈಸ್ತ ಮನೆಗಳಲ್ಲಿ ವಿಶೇಷವಾಗಿ ಕೇಳಿಬರುವುದು: ‘ದೇವರಿಗೆ ಒಪ್ಪಿಸಿ ಸಹಿಸಿಕೊಳ್ಳಿ’ ಎಂದು. ಎರಡನೆಯದು ಭಕ್ತಿಯ ಮಾತು. ಆದರೆ ಎಷ್ಟೋ ಸಲ ಅದು ಮೊದಲನೆಯ ಮಾತಿಗೇ ಹಾಕಿದ ಶುಭ್ರವಸ್ತ್ರ. ಈ ಎರಡೂ ಮಾತುಗಳನ್ನು ಒರೆಗೆ ಹಚ್ಚುವಂಥ ಸಂಶೋಧನೆಯೊಂದು ಕೆಲವು ವರ್ಷಗಳಿಂದ ನಡೆದಿದೆ. ಅದನ್ನು ತಿಳಿದು ನಾವು ಏನು ಯೋಚಿಸಬೇಕೆಂಬುದೇ ಇಂದಿನ ವಿಚಾರ.

ನೋವೆಂದರೇನು ಎಂಬುದಕ್ಕೆ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಒಂದು ಚಿತ್ರ ಕೊಟ್ಟಿದ್ದಾನೆ. ಅವನ ಮರಣದ ನಂತರ, 1660ರ ದಶಕದಲ್ಲಿ, ಅಚ್ಚಾದ ಪುಸ್ತಕದಲ್ಲಿ ಅದು ಇದೆ. ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುವ ಹಾಗೆ, ಪಾದಕ್ಕೆ ಬೆಂಕಿ ತಾಗಿದರೆ ಒಳಗಿನ ಎಳೆ ಜಗ್ಗಿ ಮೆದುಳಿನಲ್ಲಿ ನೋವು ಮೊಳಗುತ್ತದೆ ಎಂದು. ದೇವಾಲಯದ ಗಂಟೆಯ ಹಗ್ಗ ಎಳೆದ ಬಲಿಪೀಠ ಸೇವೆಯ ಹುಡುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಯಾರೂ ಹಗ್ಗ ಎಳೆಯದೆ ಗಂಟೆ ಬಾರಿಸುತ್ತಲೇ ಇದ್ದರೆ? ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ನೋಡಿಕೊಂಡ ವೈದ್ಯ ಸೈಲಸ್ ವೀರ್ ಮಿಚೆಲ್, ಗಾಯ ವಾಸಿಯಾದ ಮೇಲೂ ಉರಿಯುವ ನೋವನ್ನು 1864ರಲ್ಲೇ ವಿವರಿಸಿದ. ಇಲ್ಲದ ಅಂಗದ ನೋವಿಗೆ ಹೆಸರು ಕೊಟ್ಟವನೂ ಅವನೇ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು, ನೋವಿನ ಸಂಕೇತ ಮೆದುಳಿಗೆ ಹಾಗೇ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಬಾಗಿಲೊಂದಿದೆ, ಅದು ತೆರೆಯುವುದೂ ಮುಚ್ಚುವುದೂ ಉಂಟು ಎಂದು ವಾದಿಸಿದರು. ದೆಕಾರ್ತನ ಹಗ್ಗಕ್ಕೆ ಅಲ್ಲಿಗೆ ಮುಪ್ಪು ಬಂತು.

ಹಾಗಾದರೆ ಗಾಯ ಮಾಯ್ದ ಮೇಲೂ ನರವು ನೋವನ್ನು ನೆನಪಿಟ್ಟುಕೊಳ್ಳುವುದು ಎಲ್ಲಿ? ಇದಕ್ಕೊಂದು ಉತ್ತರ ಎಪಿಜೆನೆಟಿಕ್ಸ್ ಎಂಬ ವಿಭಾಗದಿಂದ ಬಂದಿದೆ. ಹೆಸರು ಭಾರವಾಗಿದೆಯೆಂದು ಪುಟ ತಿರುವಬೇಡಿ. ಬಲಿಪೀಠದ ಮೇಲಿನ ದೊಡ್ಡ ಪೂಜಾ ಪುಸ್ತಕವನ್ನು ನೀವು ನೋಡಿದ್ದೀರಿ. ವರ್ಷವಿಡೀ ಅದೇ ಪುಸ್ತಕ. ಆದರೆ ಅದರೊಳಗೆ ಕೆಂಪು, ಹಸಿರು, ನೇರಳೆ ಬಣ್ಣದ ಪಟ್ಟಿಗಳಿರುತ್ತವೆ. ಯಾವ ಪುಟದಲ್ಲಿ ಪಟ್ಟಿ ಇದೆಯೋ ಅದನ್ನು ಗುರು ಓದುತ್ತಾನೆ, ಉಳಿದ ಪುಟಗಳು ಮುಚ್ಚಿಕೊಂಡಿರುತ್ತವೆ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು ಮಡಿಸಿದಂತಿದೆ. ಅದರಲ್ಲಿ ಇಪ್ಪತ್ತು ಸಾವಿರದಷ್ಟು ವಂಶವಾಹಿಗಳು. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಪುಸ್ತಕ ಒಂದೇ. ಓದುವ ಪುಟ ಬೇರೆ. ಡಿಎನ್‌ಎಯ ಮೇಲೂ ಹಿಸ್ಟೋನ್ ಉಂಡೆಗಳ ಮೇಲೂ ಅಂಟಿಕೊಳ್ಳುವ ಸಣ್ಣ ರಾಸಾಯನಿಕ ಗುರುತುಗಳು ಯಾವ ಪುಟ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ನಿರ್ಧರಿಸುತ್ತವೆ. ಬರಹ ಬದಲಾಗುವುದಿಲ್ಲ, ಪಟ್ಟಿಗಳು ಸರಿಯುತ್ತವೆ. ಈ ವಿದ್ಯೆಗೆ 1942ರಲ್ಲಿ ಹೆಸರಿಟ್ಟವರು ವಾಡಿಂಗ್‌ಟನ್ ಎಂಬ ಬ್ರಿಟಿಷ್ ವಿಜ್ಞಾನಿ.

ನರಕ್ಕೆ ಪೆಟ್ಟಾದಾಗ ಆಗುವುದು ಇದೇ, ಪಟ್ಟಿಗಳು ಸರಿದುಹೋಗುತ್ತವೆ ಎನ್ನುತ್ತಾರೆ ಸಂಶೋಧಕರು. 2010ರಲ್ಲಿ ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದವರು ಇಲಿಗಳ ನರಕ್ಕೆ ಗಾಯ ಮಾಡಿ ನೋಡಿದರು. ಮಾರ್ಫಿನ್ ಬಂದು ಕೂರಬೇಕಾದ ಆಸನವನ್ನು ತಯಾರಿಸುವ ವಂಶವಾಹಿಯೇ ಅಲ್ಲಿ ಮುಚ್ಚಿಹೋಗಿತ್ತು. ನರನೋವಿಗೆ ಮಾರ್ಫಿನ್ ಕೂಡ ಸರಿಯಾಗಿ ನಾಟುವುದಿಲ್ಲವೇಕೆ ಎಂಬುದಕ್ಕೆ ಇದೊಂದು ಕಾರಣ. 2015ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಇನ್ನೊಂದನ್ನು ತೋರಿಸಿದರು. ಉದ್ರೇಕಗೊಂಡ ನರವನ್ನು ಶಾಂತಗೊಳಿಸುವ ಪೊಟ್ಯಾಸಿಯಂ ಬಾಗಿಲುಗಳಿವೆ. ಅವುಗಳನ್ನು ಕಟ್ಟುವ ವಂಶವಾಹಿಗಳನ್ನು ಜಿ9ಎ ಎಂಬ ಕಿಣ್ವ ಮುಚ್ಚಿಬಿಡುತ್ತದೆ. ಆ ಕಿಣ್ವವನ್ನು ತಡೆದರೆ ಬಾಗಿಲುಗಳು ಮರಳಿ ಬರುತ್ತವೆ, ಪ್ರಾಣಿಯ ನೋವು ಇಳಿಯುತ್ತದೆ. ನನ್ನ ಹೋಲಿಕೆಯಲ್ಲಿ ಹೇಳುವುದಾದರೆ, ಪಾಸ್ಕಹಬ್ಬ ಬಂದರೂ ಪುಸ್ತಕದಲ್ಲಿ ದಿನವೂ ಶುಭ ಶುಕ್ರವಾರದ ಪುಟವೇ ತೆರೆದುಕೊಳ್ಳುತ್ತದೆ. ಪಟ್ಟಿಯನ್ನು ಅದರ ಜಾಗಕ್ಕೆ ಮರಳಿಸಬಲ್ಲ ಔಷಧಿಯನ್ನು ಹುಡುಕುತ್ತಿದ್ದಾರೆ.

ಹುಡುಕುತ್ತಿದ್ದಾರೆ ಎಂದೇ ಹೇಳಬೇಕು. ಗುರುತುಗಳನ್ನು ಬದಲಿಸುವ ಔಷಧಿಗಳು ಈಗಾಗಲೇ ಇವೆ, ಆದರೆ ಬೇರೆ ಕಾಯಿಲೆಗಳಿಗೆ. ರಕ್ತದ ಒಂದು ಕಾಯಿಲೆಗೆ ಅಜಾಸಿಟಿಡಿನ್, ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ವೊರಿನೊಸ್ಟ್ಯಾಟ್. ಇವುಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕ್ರಮವಾಗಿ 2004 ಮತ್ತು 2006ರಲ್ಲಿ. ನರನೋವಿಗೆಂದು ಇಂಥ ಔಷಧಿಗೆ ಇಂದಿನವರೆಗೆ ಒಪ್ಪಿಗೆ ಸಿಕ್ಕಿಲ್ಲ. ಯಾರಾದರೂ ‘ವಂಶವಾಹಿಯ ಮಟ್ಟದಲ್ಲಿ ನೋವು ಗುಣಪಡಿಸುತ್ತೇವೆ’ ಎಂದು ಡಬ್ಬಿ ಮಾರಿದರೆ ಹಣ ಕೊಡಬೇಡಿ.

ಕಷ್ಟವಿರುವುದು ಎಲ್ಲಿಯೆಂದರೆ, ಈ ಔಷಧಿಗಳಿಗೆ ನರದ ಕೋಶ ಯಾವುದು, ಗರ್ಭದ ಶಿಶುವಿನ ಕೋಶ ಯಾವುದು ಎಂಬ ವಿವೇಚನೆ ಕಡಿಮೆ. ಪಟ್ಟಿ ಕಂಡಲ್ಲೆಲ್ಲ ಕೈಹಾಕುತ್ತವೆ. ಇದಕ್ಕೆ ನಮಗೆಲ್ಲ ಪರಿಚಯದ ಉದಾಹರಣೆಯೇ ಇದೆ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ 1967ರಿಂದ ಬಳಕೆಯಲ್ಲಿದೆ. ಅದು ಹಿಸ್ಟೋನ್ ಗುರುತುಗಳನ್ನು ಬದಲಿಸುತ್ತದೆಂದು ತಿಳಿದದ್ದು 2001ರಲ್ಲಿ! ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರಿಗೂ ಅರಿವಿಲ್ಲದೆ ಜನ ಎಪಿಜೆನೆಟಿಕ್ ಔಷಧಿ ನುಂಗುತ್ತಿದ್ದರು. ನರನೋವಿಗೂ ಅದನ್ನು ಕೊಟ್ಟು ನೋಡಿದ್ದಾರೆ. ಭರವಸೆಯಿಡುವಷ್ಟು ಪುರಾವೆ ಸಿಕ್ಕಿಲ್ಲ. ಆದರೆ ಗರ್ಭಿಣಿಯರು ಅದನ್ನು ಸೇವಿಸಿದರೆ ಹುಟ್ಟುವ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಂದು ಮಗುವಿಗೆ ಬೆನ್ನುಹುರಿ ಮೊದಲಾದ ಕಡೆ ಹುಟ್ಟುದೋಷ ಕಾಣಿಸಿಕೊಳ್ಳುತ್ತದೆಂಬುದು ಖಚಿತವಾಗಿದೆ. (ಈ ಗುಳಿಗೆ ತೆಗೆದುಕೊಳ್ಳುತ್ತಿರುವ ಯುವತಿಯರು ಇದನ್ನು ಓದಿ ಹೆದರಿ ಏಕಾಏಕಿ ನಿಲ್ಲಿಸಬಾರದು; ಮೂರ್ಛೆ ಮರಳಿ ಬಂದರೆ ಜೀವಕ್ಕೇ ಅಪಾಯ. ಮದುವೆಗೆ ಮೊದಲೇ ವೈದ್ಯರ ಬಳಿ ಮಾತನಾಡಿ, ಬೇರೆ ಔಷಧಿಗೆ ಬದಲಾಯಿಸಿಕೊಳ್ಳಲು ಸಾಧ್ಯವೇ ಕೇಳಿ.)

ಈಗ ನೀತಿಯ ಪ್ರಶ್ನೆಗೆ ಬರೋಣ. ‘ಸ್ವಾಮಿ, ವಂಶವಾಹಿಗಳ ಗುರುತಿಗೆ ಕೈಹಾಕುವುದು ಸೃಷ್ಟಿಕರ್ತನ ಕೆಲಸಕ್ಕೆ ಕೈಹಾಕಿದಂತಲ್ಲವೇ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅದರ ಉತ್ತರಕ್ಕೆ ಉತ್ತರ ಪಾಕಿಸ್ತಾನದ ಒಬ್ಬ ಬಾಲಕನ ಕಥೆ ನೆರವಾಗುತ್ತದೆ. ಹತ್ತು ವರ್ಷದ ಆ ಹುಡುಗ ಬೀದಿಯಲ್ಲಿ ಆಟ ತೋರಿಸುತ್ತಿದ್ದ. ತೋಳಿಗೆ ಚಾಕು ಚುಚ್ಚಿಕೊಳ್ಳುತ್ತಿದ್ದ, ಕೆಂಡದ ಮೇಲೆ ನಡೆಯುತ್ತಿದ್ದ. ನೋವೆಂಬುದು ಅವನಿಗೆ ಹುಟ್ಟಿನಿಂದಲೇ ಗೊತ್ತಿರಲಿಲ್ಲ. ವಿಜ್ಞಾನಿಗಳು ಅವನನ್ನು ಪರೀಕ್ಷಿಸುವ ಮೊದಲೇ, ತನ್ನ ಹದಿನಾಲ್ಕನೆಯ ಹುಟ್ಟುಹಬ್ಬದಂದು, ಮನೆಯ ಮಾಳಿಗೆಯಿಂದ ಹಾರಿ ಸತ್ತ. ಅವನ ಬಂಧುವರ್ಗದ ಮಕ್ಕಳನ್ನು ಪರೀಕ್ಷಿಸಿದಾಗ ಎಸ್‌ಸಿಎನ್9ಎ ಎಂಬ ಒಂದೇ ವಂಶವಾಹಿ ಕೆಟ್ಟಿರುವುದು 2006ರಲ್ಲಿ ಪ್ರಕಟವಾಯಿತು.

ನೋವಿಲ್ಲದ ಬಾಳು ವರವೆಂದು ತಿಳಿದವರು ಆ ಮಗುವನ್ನು ನೆನೆಯಬೇಕು. ನಮ್ಮ ನೆರೆಯ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದ ಡಾ. ಪಾಲ್ ಬ್ರ್ಯಾಂಡ್ ಇದನ್ನೇ ಬಾಳೆಲ್ಲ ಹೇಳಿದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನಲ್ಲಿ ದುಡಿದವರು. ಕುಷ್ಠರೋಗಿಯ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ. ನೋವು ತಿಳಿಯದ ಕಾರಣ ಸುಟ್ಟರೂ ಕೊಯ್ದರೂ ಗೊತ್ತಾಗದೆ ಸವೆದು ಹೋಗುತ್ತವೆ ಎಂದು ತೋರಿಸಿದರು. ನೋವು ಯಾರಿಗೂ ಬೇಡವಾದ ಉಡುಗೊರೆ ಎಂಬುದು ಅವರ ಅಭಿಪ್ರಾಯ.

ಈ ಮಾತನ್ನು ಎತ್ತಿಕೊಂಡು ನರನೋವಿನವರ ಮುಂದೆ ಉಪದೇಶ ಮಾಡುವವರನ್ನು ನಾನು ಕೇಳಿದ್ದೇನೆ. ಅದು ತಪ್ಪು. ಸಂತ ತೋಮಾಸ್ ಅಕ್ವಿನಾಸರು ದುಃಖದ ಬಗ್ಗೆ ಬರೆಯುವಾಗ, ಎದುರಿಗಿರುವ ಕೆಡುಕನ್ನು ಕೆಡುಕೆಂದು ಗುರುತಿಸುವುದರಿಂದ ದುಃಖದಲ್ಲೂ ಒಂದು ಒಳಿತಿದೆ ಎನ್ನುತ್ತಾರೆ. ಕೆಂಡ ತುಳಿದಾಗ ಆಗುವ ನೋವಿಗೆ ಇದು ಒಪ್ಪುತ್ತದೆ. ಆ ನೋವು ಸತ್ಯ ಹೇಳುತ್ತದೆ. ಆದರೆ ಸೆರಗು ತಾಗಿದಾಗ ಕೆಂಡ ತಾಗಿತು ಎಂದು ಕೂಗುವ ನರ ಯಾವ ಕೆಡುಕನ್ನು ಗುರುತಿಸಿತು? ಅಲ್ಲಿ ಕೆಂಡವೇ ಇಲ್ಲ. ಆ ನರ ಸುಳ್ಳುಸಾಕ್ಷಿ ಹೇಳುತ್ತಿದೆ. ರೋಗಿ ನಮಗೆ ಸುಳ್ಳು ಹೇಳುತ್ತಿಲ್ಲ, ನರವು ರೋಗಿಗೆ ಸುಳ್ಳು ಹೇಳುತ್ತಿದೆ. ಈ ಎರಡರ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ. ಸುಳ್ಳುಸಾಕ್ಷಿಯ ಬಾಯಿ ಮುಚ್ಚಿಸುವುದು ಸೃಷ್ಟಿಯನ್ನು ತಿದ್ದಿದಂತಲ್ಲ. ಸೃಷ್ಟಿ ಮೊದಲಿದ್ದ ಸ್ಥಿತಿಗೆ ಮರಳಲು ನೆರವಾದಂತೆ. ಮುರಿದ ಎಲುಬನ್ನು ಕೂಡಿಸುವುದಕ್ಕೂ ಇದಕ್ಕೂ ನೀತಿಯಲ್ಲಿ ಭೇದ ಕಾಣೆ.

ಆದರೂ ಎಚ್ಚರಿಕೆಗೆ ಕಾರಣವಿದೆ. 2021ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಸಂಶೋಧಕರು, ಆ ಬಾಲಕನಲ್ಲಿ ಕೆಟ್ಟಿದ್ದ ಅದೇ ವಂಶವಾಹಿಯನ್ನು ಇಲಿಗಳಲ್ಲಿ ಕತ್ತರಿಸದೆ, ಬರಹವನ್ನು ಮುಟ್ಟದೆ, ಅದರ ಮೇಲೆ ಮುಚ್ಚಳವಿಟ್ಟಂತೆ ತಡೆದರು. ನೋವು ತಿಂಗಳುಗಟ್ಟಲೆ ಇಳಿದಿತ್ತು, ಸ್ಪರ್ಶಜ್ಞಾನ ಹೋಗಿರಲಿಲ್ಲ. ಬಹಳ ಜಾಣ ಕೆಲಸ. ಆದರೆ ಮನುಷ್ಯರಿಗೆ ತಿಂಗಳುಗಟ್ಟಲೆ ನಿಲ್ಲುವ ಇಂಥ ಮುಚ್ಚಳ ಬಂದಾಗ, ಸುಳ್ಳುಸಾಕ್ಷಿಯ ಜೊತೆಗೆ ಸತ್ಯಸಾಕ್ಷಿಯ ಬಾಯನ್ನೂ ಮುಚ್ಚಿದಂತಾಗಬಾರದು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದರೆ ಅವರಿಗೆ ಗೊತ್ತಾಗಬೇಕು. ನೋವು ಕಾಣದ ದುಡಿಮೆಗಾರನನ್ನು ಬಯಸುವ ಮಾಲೀಕರೂ, ನೋವು ಕಾಣದ ಸೈನಿಕನನ್ನು ಬಯಸುವ ಸರ್ಕಾರಗಳೂ ಲೋಕದಲ್ಲಿ ಇಲ್ಲದಿಲ್ಲ. ಗುಣಪಡಿಸುವುದು ಎಲ್ಲಿ ಮುಗಿದು, ಮನುಷ್ಯನನ್ನು ಉಪಕರಣ ಮಾಡುವುದು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಪ್ರಯೋಗಾಲಯವೊಂದೇ ಎಳೆಯಲಾರದು.

ಇನ್ನು ಆ ಎರಡನೆಯ ಮಾತು, ‘ದೇವರಿಗೆ ಒಪ್ಪಿಸಿ’ ಎನ್ನುವುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡಬೇಕು, ಏಕೆಂದರೆ ಇಲ್ಲಿ ಚಿನ್ನವೂ ಇದೆ, ಕಲ್ಲೂ ಇದೆ.

1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಯ ನೋವಿಗೆ ಕ್ಲೋರೋಫಾರ್ಮ್ ಕೊಟ್ಟಾಗ, ಹವ್ವಳಿಗೆ ದೇವರು ನುಡಿದ ಶಾಪವನ್ನು ತಪ್ಪಿಸುವುದು ಸರಿಯೇ ಎಂಬ ಆಕ್ಷೇಪಣೆ ಬಂತು. ಸಿಂಪ್ಸನ್ ಬೈಬಲಿನಿಂದಲೇ ಉತ್ತರ ಕೊಟ್ಟ: ಆದಾಮನ ಪಕ್ಕೆಲುಬು ತೆಗೆಯುವ ಮುನ್ನ ದೇವರೇ ಅವನಿಗೆ ಗಾಢನಿದ್ರೆ ಬರಿಸಿದರಲ್ಲ! ಅದೇ ಆದಿಕಾಂಡದ ಅಧ್ಯಾಯದಲ್ಲಿ ಗಂಡಸು ಬೆವರು ಸುರಿಸಿ ಉಣ್ಣಬೇಕೆಂದೂ ಇದೆ. ಟ್ರ್ಯಾಕ್ಟರ್ ಕೊಂಡ ರೈತನಿಗೆ ಯಾರೂ ಶಾಪ ತಪ್ಪಿಸಿಕೊಂಡೆ ಎನ್ನಲಿಲ್ಲ. ಹೆಂಗಸರ ನೋವಿನ ವಿಷಯ ಬಂದಾಗ ಮಾತ್ರ ನಮಗೆ ವೇದವಾಕ್ಯ ಬೇಗ ನೆನಪಾಗುತ್ತದೆ. 1956ರ ಜನವರಿಯಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ನೋವಿಲ್ಲದ ಹೆರಿಗೆಯ ವಿಧಾನವನ್ನು ಕುರಿತು, ಪವಿತ್ರ ಗ್ರಂಥ ಇದನ್ನು ನಿಷೇಧಿಸುವುದಿಲ್ಲವೆಂದು ಸ್ಪಷ್ಟಪಡಿಸಿದರು. ಮರುವರ್ಷ, 1957ರ ಫೆಬ್ರವರಿ 24ರಂದು, ಅರಿವಳಿಕೆ ತಜ್ಞರಿಗೆ ಅವರು ಕೊಟ್ಟ ಉತ್ತರ ಇನ್ನೂ ವಿಸ್ತಾರವಾದುದು. ನೋವನ್ನು ತಗ್ಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಬೇರೆ ದಾರಿಯಿಲ್ಲದಾಗ ನೋವು ಶಮನಕ್ಕೆಂದೇ ಕೊಟ್ಟ ಔಷಧಿಯಿಂದ ಎಚ್ಚರ ಮಂಕಾದರೂ, ಆಯಸ್ಸು ಕಡಿಮೆಯಾಗುವ ಸಂಭವವಿದ್ದರೂ, ಅದನ್ನು ಕೊಡಬಹುದು ಎಂಬುದು ಅದರ ತಾತ್ಪರ್ಯ. ಇದನ್ನು ಹೇಳಿ ಸುಮಾರು ಎಪ್ಪತ್ತು ವರ್ಷಗಳಾಗುತ್ತ ಬಂದರೂ ನಮ್ಮ ಮನೆಗಳಿಗೆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

‘ಯೇಸುಸ್ವಾಮಿ ಶಿಲುಬೆಯ ಬಳಿ ಮದ್ದು ಬೆರೆತ ದ್ರಾಕ್ಷಾರಸವನ್ನು ಬೇಡವೆಂದರಲ್ಲ’ ಎಂದು ಕೆಲವರು ಕೇಳುತ್ತಾರೆ. ಹೌದು, ಮಾರ್ಕನ ಶುಭಸಂದೇಶದಲ್ಲಿ ಹಾಗಿದೆ. ಅದೇ ಯೇಸು ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದರು. ಯೊವಾನ್ನನು ಬರೆದಂತೆ, ಕೊನೆಗೆ ದಾಹವಾದಾಗ ಹುಳಿರಸವನ್ನು ಸ್ವೀಕರಿಸಿದರು. ತಮ್ಮ ಬಳಿ ಬಂದ ಯಾವ ಕುರುಡನಿಗೂ ಯಾವ ಕುಷ್ಠರೋಗಿಗೂ ‘ನಿನಗೆ ಇದು ಪುಣ್ಯ, ಇಟ್ಟುಕೋ’ ಎಂದು ಹೇಳಿ ಕಳುಹಿಸಲಿಲ್ಲ. ತಮ್ಮ ನೋವಿನ ವಿಷಯದಲ್ಲಿ ಒಂದು ನಡೆ, ಇತರರ ನೋವಿನ ವಿಷಯದಲ್ಲಿ ಇನ್ನೊಂದು ನಡೆ.

ಚಿನ್ನ ಇರುವುದು ಅಲ್ಲಿ. ತನ್ನ ನೋವನ್ನು ತಾನೇ ಮನಸಾರೆ ಎತ್ತಿ ದೇವರಿಗೆ ಒಪ್ಪಿಸುವವರಿದ್ದಾರೆ. ಅಂಥವರ ಹಾಸಿಗೆಯ ಬಳಿ ನಿಂತಾಗ ನಾವು ಗುರುಗಳೇ ಶಿಷ್ಯರಾಗುತ್ತೇವೆ. ಆದರೆ ಕಾಣಿಕೆಯೆಂದರೆ ಕೊಡುವವನ ಸ್ವಂತದ್ದು. ಪೂಜೆಯಲ್ಲಿ ಕಾಣಿಕೆಯ ತಟ್ಟೆ ಬಂದಾಗ ಪಕ್ಕದವರ ಜೇಬಿಗೆ ಕೈಹಾಕಿ ಹಾಕುವ ಹಾಗಿಲ್ಲ. ಅತ್ತೆಯ ನೋವನ್ನು ಸೊಸೆಯಾಗಲಿ, ಹೆಂಡತಿಯ ನೋವನ್ನು ಗಂಡನಾಗಲಿ, ಭಕ್ತರ ನೋವನ್ನು ಸ್ವಾಮಿಗಳಾಗಲಿ ದೇವರಿಗೆ ಒಪ್ಪಿಸಿಬಿಡುವುದು ಆ ಜೇಬುಗಳ್ಳತನಕ್ಕೆ ಸಮ. ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿ ಎದ್ದುಬಂದ ಜಗದ್ಗುರು ಎರಡನೇ ಜಾನ್ ಪೌಲರು 1984ರ ಫೆಬ್ರವರಿ 11ರಂದು ಕ್ಲೇಶದ ಅರ್ಥವನ್ನು ಕುರಿತು ಪತ್ರ ಬರೆದರು. ನೋವಿನ ಪಾವಿತ್ರ್ಯದ ಬಗ್ಗೆ ಅಷ್ಟು ಬರೆದವರು, ಕೊನೆಯ ಭಾಗವನ್ನು ಮೀಸಲಿಟ್ಟದ್ದು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿದ ಸಮಾರಿಯದವನಿಗೆ. ಸಂತ ತೋಮಾಸರಂತೂ ದುಃಖಶಮನಕ್ಕೆ ಕಣ್ಣೀರು, ಗೆಳೆಯರು, ಸತ್ಯದ ಧ್ಯಾನ ಇವುಗಳ ಜೊತೆಗೆ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ! ಸೆಮಿನರಿಯಲ್ಲಿ ಆ ಭಾಗ ಓದುವಾಗ ನಾವೆಲ್ಲ ನಕ್ಕಿದ್ದೆವು. ನರನೋವಿನಿಂದ ಮೂರು ರಾತ್ರಿ ಕಣ್ಣು ಮುಚ್ಚದವರನ್ನು ಕಂಡವರು ನಗುವುದಿಲ್ಲ.

ನೋವನ್ನು ನಂಬದಿರುವುದರಿಂದ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲೇ ಸಾಕ್ಷಿಯಿದೆ. 1980ರ ದಶಕದವರೆಗೂ ಅವಧಿಗೆ ಮುನ್ನ ಹುಟ್ಟಿದ ಹಸುಗೂಸುಗಳಿಗೆ ನೋವು ತಿಳಿಯುವುದಿಲ್ಲವೆಂಬ ನಂಬಿಕೆಯಲ್ಲಿ, ಸಾಕಷ್ಟು ನೋವುಶಾಮಕವಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಡಾ. ಕಂವಲ್‌ಜೀತ್ ಆನಂದ್ ಮತ್ತು ಸಂಗಡಿಗರು, ನೋವು ತಗ್ಗಿಸಿದ ಶಿಶುಗಳೇ ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತವೆಂದು 1987ರಲ್ಲಿ ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಆ ಶಿಶುಗಳು ಅತ್ತಿರಲಿಲ್ಲವೇ? ಅತ್ತಿದ್ದವು. ಕೇಳಿದವರು ಅದನ್ನು ನೋವೆಂದು ಎಣಿಸಲಿಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯನ್ನು ಸೇರಿಸಿತು. ಹಿಸ್ಟೋನ್ ಗುರುತುಗಳನ್ನು ಕಂಡ ಮೇಲೆ ನಾವು ಅವರನ್ನು ನಂಬುತ್ತೇವೆಂದರೆ ಒಳ್ಳೆಯದೇ. ಆದರೆ ಸೂಕ್ಷ್ಮದರ್ಶಕ ಹೇಳಿದ ಮೇಲೆ ಮಾತ್ರ ತಾಯಿಯ ಮಾತು ನಂಬುವ ಮಗ ಎಂಥವನು?

ಸಂಶೋಧನೆಗೂ ನೀತಿಯಿದೆ. 1952ರ ಸೆಪ್ಟೆಂಬರಿನಲ್ಲಿ ನರಮಂಡಲದ ತಜ್ಞರ ಸಮ್ಮೇಳನಕ್ಕೆ ಬಂದವರೊಡನೆ ಮಾತನಾಡುತ್ತ ಹನ್ನೆರಡನೇ ಪಿಯುಸ್‌ರವರು, ವಿಜ್ಞಾನದ ಹೆಸರಿನಲ್ಲಾಗಲಿ ಸಮಾಜದ ಹಿತದ ಹೆಸರಿನಲ್ಲಾಗಲಿ ಒಬ್ಬ ವ್ಯಕ್ತಿಯನ್ನು ಅವನ ಸಮ್ಮತಿಯಿಲ್ಲದೆ ಪ್ರಯೋಗದ ವಸ್ತುವಾಗಿಸುವ ಹಕ್ಕು ಯಾರಿಗೂ ಇಲ್ಲವೆಂದರು. ನರನೋವಿನವರ ವಿಷಯದಲ್ಲಿ ಇದು ಸೂಕ್ಷ್ಮ. ವರ್ಷಗಟ್ಟಲೆ ನಿದ್ರೆಗೆಟ್ಟವರು ಯಾವ ಕಾಗದಕ್ಕೂ ಸಹಿ ಹಾಕಿಯಾರು. ಹೊಸ ಔಷಧಿಯ ಪರೀಕ್ಷೆಗೆ ಸೇರಲು ಕರೆ ಬಂದರೆ ಸೇರಬಾರದೆಂದು ನಾನು ಹೇಳುವುದಿಲ್ಲ. ಯಾರೂ ಸೇರದಿದ್ದರೆ ಯಾರಿಗೂ ಔಷಧಿ ಸಿಗದು. ಆದರೆ ಕಾಗದವನ್ನು ಮನೆಗೆ ತನ್ನಿ, ಓದಬಲ್ಲವರಿಂದ ಕನ್ನಡದಲ್ಲಿ ಓದಿಸಿ ಕೇಳಿ, ಬೇಡವೆನಿಸಿದಾಗ ನಡುವೆ ಬಿಡುವ ಹಕ್ಕು ಇದೆಯೇ ನೋಡಿ. ಇಲಿಗಳ ಮಾತೂ ಬರುತ್ತದೆ. ನೋವಿನ ಔಷಧಿ ಹುಡುಕಲು ಬೇಕೆಂದೇ ಪ್ರಾಣಿಗೆ ನೋವು ಕೊಡಬೇಕಾಗುತ್ತದೆ. ಅನಿವಾರ್ಯವೆಂದು ಒಪ್ಪಿದರೂ ಮನಸ್ಸಿಗೆ ಹಗುರವಾಗಿ ತೆಗೆದುಕೊಳ್ಳಬೇಕಾದದ್ದಲ್ಲ.

ಹೊಸದು ಬರುವವರೆಗೆ ಇರುವುದನ್ನಾದರೂ ಎಲ್ಲರಿಗೂ ತಲುಪಿಸಿದ್ದೇವೆಯೇ? ಮಾರ್ಫಿನ್ ಅಗ್ಗದ ಔಷಧಿ. 1985ರ ಮಾದಕವಸ್ತು ಕಾಯಿದೆಯ ಕಟ್ಟುಪಾಡುಗಳಿಂದಾಗಿ ಅದು ಕ್ಯಾನ್ಸರ್ ರೋಗಿಗಳಿಗೂ ಸಿಗದಂತಾಯಿತು. ತಿದ್ದುಪಡಿ ಬಂದದ್ದು 2014ರಲ್ಲಿ. ನಡುವೆ ಇಪ್ಪತ್ತೊಂಬತ್ತು ವರ್ಷ. ಕಲ್ಲಿಕೋಟೆಯಲ್ಲಿ 1993ರಲ್ಲಿ ಸಂಗಡಿಗರೊಡನೆ ನೋವುಶಮನದ ಸೇವೆ ಆರಂಭಿಸಿದ ಡಾ. ಎಂ.ಆರ್. ರಾಜಗೋಪಾಲ್ ಅಂಥವರು ಬೆನ್ನು ಹತ್ತಿದ್ದರಿಂದ ಅಷ್ಟಾದರೂ ಆಯಿತು. ನರನೋವಿಗೆ ಇಂದು ಕೊಡುವ ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್, ಪ್ರೆಗಾಬಾಲಿನ್, ಡ್ಯುಲೋಕ್ಸಿಟಿನ್ ಔಷಧಿಗಳು ನಮ್ಮ ಪೇಟೆಗಳಲ್ಲೂ ಸಿಗುತ್ತವೆ. 2015ರ ಒಂದು ದೊಡ್ಡ ಸಮೀಕ್ಷೆಯಂತೆ, ಪ್ರೆಗಾಬಾಲಿನ್ ಕೊಟ್ಟ ಸುಮಾರು 8 ಜನರಲ್ಲಿ ಒಬ್ಬರಿಗೆ, ಅಮಿಟ್ರಿಪ್ಟಿಲಿನ್ ಗುಂಪಿನದನ್ನು ಕೊಟ್ಟ ಸುಮಾರು 4 ಜನರಲ್ಲಿ ಒಬ್ಬರಿಗೆ ಮಾತ್ರ ಔಷಧಿಯ ಬಲದಿಂದಲೇ ನೋವು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಒಂದು ಗುಳಿಗೆ ಹಿಡಿಸಲಿಲ್ಲವೆಂದು ‘ಯಾವುದೂ ಆಗುವುದಿಲ್ಲ’ ಎಂದು ಕೈಬಿಡಬೇಡಿ, ಇನ್ನೊಂದನ್ನು ಕೇಳಿ. ಅಮಿಟ್ರಿಪ್ಟಿಲಿನ್ ಖಿನ್ನತೆಗೂ ಕೊಡುವ ಔಷಧಿ. ಚೀಟಿ ನೋಡಿ ‘ನೋಡಿ, ಹುಚ್ಚಿನ ಮಾತ್ರೆ ಬರೆದಿದ್ದಾರೆ, ಮನಸ್ಸಿನದ್ದೇ ಅಂತಾಯ್ತು’ ಎಂದು ಮನೆಯಲ್ಲಿ ಯಾರೂ ಆಡಬಾರದು. ಕಡಿಮೆ ಪ್ರಮಾಣದಲ್ಲಿ ಅದು ನರದ ಔಷಧಿ. ಸರ್ಪಸುತ್ತು ಎದ್ದಾಗ ಹಾವಿನ ತಲೆ ಬಾಲ ಕೂಡಿದರೆ ಸಾವೆಂದು ಹೆದರಿ ಕೆಮ್ಮಣ್ಣು ಹಚ್ಚುತ್ತ ಕೂರಬೇಡಿ. ಗುಳ್ಳೆ ಕಂಡ ಮೂರು ದಿನದೊಳಗೆ ವೈದ್ಯರಲ್ಲಿಗೆ ಹೋದರೆ ವೈರಸ್ ತಡೆಯುವ ಗುಳಿಗೆ ಹೆಚ್ಚು ಫಲ ಕೊಡುತ್ತದೆ. ಐವತ್ತು ದಾಟಿದವರಿಗೆ ಇದರ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಇದೆ, ಬೆಲೆ ಮಾತ್ರ ಬಡವರಿಗೆ ನಿಲುಕುವಂತಿಲ್ಲ.

ಯೋಬನ ಗೆಳೆಯರನ್ನು ನಾವು ಸಾಮಾನ್ಯವಾಗಿ ಬೈಯುತ್ತೇವೆ. ನಿನ್ನ ಪಾಪದ ಫಲವಿದು ಎಂದು ವಾದಿಸಿದರಲ್ಲ, ಅದಕ್ಕೆ. ಆದರೆ ಬಾಯಿ ತೆರೆಯುವ ಮೊದಲು ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವನ ವ್ಯಥೆ ಬಹಳ ದೊಡ್ಡದೆಂದು ಅವರಿಗೆ ಕಂಡಿತ್ತು. ನಮ್ಮಲ್ಲಿ ಎಷ್ಟು ಜನ ಏಳು ನಿಮಿಷ ಕುಳಿತೇವು?

ಮನೆಯಲ್ಲಿ ಇಂಥವರಿದ್ದರೆ ಡಾಕ್ಟರರ ಬಳಿ ಹೋಗುವ ಮುನ್ನ ಜೊತೆಗೆ ಕುಳಿತು ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಚೀಟಿಯಲ್ಲಿ ಬರೆದುಕೊಳ್ಳಿ. ಕರೆಂಟ್ ಹೊಡೆದಂತೆಯೇ, ಇರುವೆ ಹರಿದಂತೆಯೇ, ಮೆಣಸಿನಪುಡಿ ಸವರಿದಂತೆಯೇ? ರಾತ್ರಿ ಹೆಚ್ಚೋ? ಬಟ್ಟೆ ತಾಗಿದರೂ ನೋಯುವುದೋ? ‘ತುಂಬಾ ನೋವು’ ಎಂಬ ಎರಡು ಪದಕ್ಕಿಂತ ಇಂಥ ವಿವರ ವೈದ್ಯರಿಗೆ ದಾರಿ ತೋರಿಸುತ್ತದೆ.

ಇನ್ನೊಂದು ವಿಷಯ, ದೇವಾಲಯಕ್ಕೆ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆಯಲ್ಲಿ ಉರಿಯುವ ಅದೇ ಪಾದ ಮೆಲ್ಲಮೆಲ್ಲನೆ ಮರಗಟ್ಟುತ್ತದೆ. ಆಗ ಮುಳ್ಳು ಹೊಕ್ಕರೂ, ಬಿಸಿಲಿಗೆ ಕಾದ ಅಂಗಳ ಸುಟ್ಟರೂ ತಿಳಿಯುವುದಿಲ್ಲ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳಲ್ಲಿ ಕಂಡದ್ದೇ ಇಲ್ಲಿಯೂ ನಡೆಯುತ್ತದೆ. ತಪಸ್ಸುಕಾಲದಲ್ಲಿ ಹರಕೆಯೆಂದು ಬರಿಗಾಲಲ್ಲಿ ಶಿಲುಬೆಹಾದಿ ನಡೆದು, ಹುಣ್ಣಾಗಿ, ಬೆರಳು ಕಳೆದುಕೊಂಡವರಿದ್ದಾರೆ. ಮೋಶೆ ಉರಿಯುವ ಪೊದೆಯ ಮುಂದೆ ಕೆರ ಕಳಚಿದ್ದು ನಿಜ, ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಪಾದ ಮರಗಟ್ಟಿರುವವರು ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಹಾಕಿಕೊಂಡೇ ಒಳಗೆ ಬನ್ನಿ. ಯಾರಾದರೂ ಕೇಳಿದರೆ ಸ್ವಾಮಿಗಳೇ ಹೇಳಿದ್ದಾರೆ ಎನ್ನಿ. ಮನೆಗೆ ಹೋದ ಮೇಲೆ ಮಕ್ಕಳ ಕೈಯಲ್ಲಿ ಅಂಗಾಲು ನೋಡಿಸಿಕೊಳ್ಳಿ.